ಪಾನಾ, ಪೈಪು ಮತ್ತು ಕಾಯಕದ ಶುದ್ಧಿ

ಮಹಾನವಮಿಯಂದು ಕಲಬುರಗಿಯ ಜಗತ್‌ನಿಂದ ಕಮಲಾಪುರದವರೆಗೆ, ಹಬ್ಬ ಆಚರಿಸುವ ಗ್ಯಾರೇಜುಗಳಲ್ಲಿ ಕೆಲಸ ನಿಲ್ಲುತ್ತದೆ. ಪಾನಾ, ಪಕ್ಕಡ, ಸುತ್ತಿಗೆ, ಗೋಟಿ (ಸಾಕೆಟ್) ಸೆಟ್‌ಗಳನ್ನು ಡೀಸೆಲ್‌ನಲ್ಲಿ ತೊಳೆದು ಒರೆಸಿ, ವಿಭೂತಿ ಕುಂಕುಮ ಹಚ್ಚಿ ಸಾಲಾಗಿ ಇಡುತ್ತಾರೆ. ಅಂಗಡಿಯಿಂದ ತಂದ ಸಾಮಾನಿನ ಜೊತೆ ಗ್ಯಾರೇಜಿನಲ್ಲೇ ಹುಟ್ಟಿದವೂ ಆ ಸಾಲಿನಲ್ಲಿರುತ್ತವೆ: ಪಾನಾದ ಹಿಡಿಗೆ ಸಿಕ್ಕಿಸುವ ಕಬ್ಬಿಣದ ಪೈಪು, ಹಳೆಯ ಕಮಾನು ಪಟ್ಟಿಯನ್ನು ಬಡಿದು ಮಾಡಿದ ಮೀಟುಗೋಲು, ಪಟ್ಟಿಗೆ ಬೋಲ್ಟ್ ಬೆಸೆದು ಮಾಡಿದ ಬೇರಿಂಗ್ ಪುಲ್ಲರ್. ಪೂಜೆ ಎಲ್ಲಕ್ಕೂ ಒಂದೇ. ಹಾಗಾದರೆ ಅದು ಸಲ್ಲುವುದು ಉಪಕರಣಕ್ಕೋ, ಅದರಿಂದ ನಡೆಯುವ ಕೆಲಸಕ್ಕೋ? ಕೆಲಸಕ್ಕೆ ಎಂದಾದರೆ, ಎಂಥ ಕೆಲಸಕ್ಕೆ?

ಭಗವದ್ಗೀತೆಯ 18ನೇ ಅಧ್ಯಾಯ ಕರ್ಮ ಕೈಗೂಡಲು ಐದು ಕಾರಣಗಳನ್ನು ಹೇಳುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ಕರಣ ಅಲ್ಲಿ ಐದರಲ್ಲಿ ಒಂದು ಮಾತ್ರ. ಈ ನೆಲಕ್ಕೆ ಇನ್ನೂ ಹತ್ತಿರವಾದ ಉತ್ತರ 12ನೇ ಶತಮಾನದ ಶರಣರದು. ಅವರು ಸೇರಿದ್ದ ಕಲ್ಯಾಣ, ಕಮಲಾಪುರ ದಾಟಿ ಹುಮನಾಬಾದ್ ಮೇಲೆ ಹೋದರೆ ಸಿಗುವ ಇಂದಿನ ಬಸವಕಲ್ಯಾಣ. ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನ ಕಥೆ ಶೂನ್ಯಸಂಪಾದನೆಯಲ್ಲಿದೆ. ಹುಲ್ಲು ಕೊಯ್ಯುವಾಗ ಕೊರಳ ಇಷ್ಟಲಿಂಗ ಜಾರಿ ಬಿದ್ದರೂ ಆತ ಎತ್ತಿಕೊಳ್ಳದೆ ಕಾಯಕ ಮುಂದುವರಿಸಿದ. ಲಿಂಗಕ್ಕಿಂತ ಕಾಯಕವನ್ನು ಮುಂದಿಟ್ಟವನು ಕುಡುಗೋಲಿಗೆ ಅದಕ್ಕಿಂತ ಹೆಚ್ಚಿನ ಪಟ್ಟ ಕೊಟ್ಟಾನೆಯೇ? ಶರಣರ ನೋಟದಲ್ಲಿ ಉಪಕರಣಕ್ಕೆ ಸ್ವಂತದ ಪಾವಿತ್ರ್ಯವಿಲ್ಲ; ಕಾಯಕ ಸತ್ಯಶುದ್ಧವಾಗಿದ್ದರೆ ಉಪಕರಣವೂ ಶುದ್ಧ.

ಈ ಮಾತಿನ ನಿಜವಾದ ಪರೀಕ್ಷೆ ನಡೆಯುವುದು ನಟ್‌ನ ಮೂಲೆಯಲ್ಲಿ. ಆರು ಮೂಲೆಯ ಗೋಟಿ ನಟ್‌ನ ಪಕ್ಕಗಳನ್ನು ಅಗಲವಾಗಿ ಹಿಡಿಯುತ್ತದೆ. ಹನ್ನೆರಡು ಮೂಲೆಯದು ಇಕ್ಕಟ್ಟಿನಲ್ಲಿ ಬೇಗ ಕೂರುತ್ತದೆ, ಆದರೆ ಒತ್ತಡವೆಲ್ಲ ಮೂಲೆಗಳ ಹತ್ತಿರ ಬೀಳುವುದರಿಂದ ತುಕ್ಕು ಹಿಡಿದ ನಟ್ ದುಂಡಗಾಗುವ ಭಯ ಹೆಚ್ಚು. ಗೋಟಿಯೇ ಸವೆದಿದ್ದರಂತೂ ಅದು ಜಾರುತ್ತದೆ, ನಟ್ ಕೆಡುತ್ತದೆ, ಮೆಕ್ಯಾನಿಕ್‌ನ ಗೆಣ್ಣು ಸುಲಿಯುತ್ತದೆ. ಆಗ ಕೈಗೆ ಸಿಕ್ಕಿದ್ದೇ ಉಪಕರಣ. ದುಂಡಗಾದ ತಲೆಯ ಮೇಲೆ ಸ್ವಲ್ಪ ಚಿಕ್ಕ ಗೋಟಿಯನ್ನು ಬಡಿದು ಕೂರಿಸುತ್ತಾರೆ. ಅಲೆನ್ ಕೀ ಇಲ್ಲದಿದ್ದರೆ, ತಕ್ಕ ಅಳತೆಯ ಬೋಲ್ಟ್‌ಗೆ ಎರಡು ನಟ್ ಹಾಕಿ ಒಂದಕ್ಕೊಂದು ಬಿಗಿದು, ಬೋಲ್ಟ್‌ನ ತಲೆಯನ್ನು ಕುಳಿಯೊಳಗಿಟ್ಟು ತಿರುಗಿಸುತ್ತಾರೆ. ತೊಗರಿ ರಾಶಿಯ ಹೊತ್ತಿನಲ್ಲಿ ಯಂತ್ರ ನಿಂತರೆ ರೈತ ಸರಿಯಾದ ಸಾಮಾನು ಬರುವವರೆಗೆ ಕಾಯಲಾರ. ಅಂಥ ಜಾಣ್ಮೆಯನ್ನು ಕೀಳೆಂದು ನೋಡುವುದು ತಪ್ಪು. ಫ್ರಾನ್ಸಿನ ಮಾನವಶಾಸ್ತ್ರಜ್ಞ ಲೆವಿ-ಸ್ಟ್ರಾಸ್ 1962ರಲ್ಲಿ, ಇದ್ದುದರಲ್ಲೇ ಹೊಂದಿಸಿ ಕೆಲಸ ಸಾಗಿಸುವವನ ಬುದ್ಧಿಯನ್ನು ಮನುಷ್ಯನ ಚಿಂತನೆಯದೇ ಒಂದು ಕ್ರಮವೆಂದು ಪರಿಗಣಿಸಿದ.

ಆದರೂ ಪೈಪಿನ ವಿಷಯ ಬೇರೆಯಾಗಿಯೇ ನೋಡಬೇಕು. 25 ಸೆಂ.ಮೀ. ಹಿಡಿಯ ತುದಿಗೆ 20 ಕಿಲೋ ಭಾರ ಹಾಕಿದರೆ ನಟ್ ಮೇಲೆ ಬೀಳುವ ತಿರುಚು 5 ಕಿಲೋಗ್ರಾಂ-ಮೀಟರ್. ಪೈಪು ಸೇರಿಸಿ ಹಿಡಿಯನ್ನು 75 ಸೆಂ.ಮೀ. ಮಾಡಿದರೆ ಅದೇ ತೋಳಬಲಕ್ಕೆ 15. ಎಣ್ಣೆ ಬಿಟ್ಟು, ಬಿಸಿ ಮಾಡಿದರೂ ಜಗ್ಗದ ನಟ್ ಬಿಚ್ಚಲು ಇದು ನ್ಯಾಯವಾದ ದಾರಿ. ಬೋಲ್ಟ್ ಮುರಿದರೂ ಮುರಿದದ್ದು ಎಲ್ಲರ ಕಣ್ಣಿಗೆ ಕಾಣುತ್ತದೆ. ಅದೇ ಪೈಪಿನಿಂದ ಎಂಜಿನ್ ಹೆಡ್ ಬೋಲ್ಟ್ ಬಿಗಿದರೆ ಕಥೆ ಬದಲಾಗುತ್ತದೆ. ಬೋಲ್ಟ್ ತನ್ನ ಮಿತಿ ಮೀರಿ ಹಿಗ್ಗಿ ಮತ್ತೆ ಮೊದಲಿನಂತಾಗುವುದಿಲ್ಲ, ಅಲ್ಯೂಮಿನಿಯಂನ ಥ್ರೆಡ್ ಕಿತ್ತುಬರುತ್ತದೆ. ಆ ಗಳಿಗೆಯಲ್ಲಿ ಎಲ್ಲವೂ ಗಟ್ಟಿಯಾಗಿದೆ ಎಂದೇ ತೋರುತ್ತದೆ. ಗಾಡಿ ಹೊರಟುಹೋಗುತ್ತದೆ, ದೋಷ ಒಳಗೆ ಉಳಿಯುತ್ತದೆ. ಅಲ್ಲಿ ಬೇಕಾದದ್ದು ಅಳತೆ ತೋರುವ ಟಾರ್ಕ್ ಪಾನಾ. ಪೈಪು ಒಂದೇ, ಕೈ ಒಂದೇ. ಒಂದು ಕೆಲಸ ಶುದ್ಧ, ಇನ್ನೊಂದು ಅಲ್ಲ. ವ್ಯತ್ಯಾಸ ಬರುವುದು ಗಿರಾಕಿಗೆ ಕಾಣದ ಜಾಗದಲ್ಲಿ ಮಾಡುವ ನಡತೆಯಿಂದ.

ಬಡ ಮೆಕ್ಯಾನಿಕ್ ದುಬಾರಿ ಸೆಟ್ ಎಲ್ಲಿಂದ ತರಬೇಕು ಎಂಬ ಆಕ್ಷೇಪ ನ್ಯಾಯವಾದದ್ದೇ. ಶರಣರೂ ಬಡತನವನ್ನು ದೋಷವೆನ್ನಲಿಲ್ಲ. ಬಿದ್ದ ಅಕ್ಕಿ ಆಯ್ದು ತರುವ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳಿಸಿದಳು. ಕೈಯಲ್ಲಿದ್ದದ್ದು ಕಡಿಮೆ ಎಂಬುದಕ್ಕಿಂತ, ಬಂದದ್ದು ಸಲ್ಲುವಂಥದ್ದೇ ಎಂಬುದು ಅವಳಿಗೆ ಮುಖ್ಯವಾಗಿತ್ತು. 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜರ ದರ್ಗಾ ಇರುವ ಇದೇ ಕಲಬುರಗಿಯ ಮುಸ್ಲಿಂ ಕೆಲಸಗಾರರ ನಂಬಿಕೆಯಲ್ಲೂ ಹಲಾಲ್ ಕಮಾಯಿಗೆ, ಅಂದರೆ ನ್ಯಾಯದ ಗಳಿಕೆಗೆ, ಇದೇ ತೂಕ. ದೇವರು ಕಬ್ಬಿಣವನ್ನು ಮೆದುಗೊಳಿಸಿಕೊಟ್ಟನೆಂದು ಕುರ್‌ಆನ್ ಹೇಳುವ ಪ್ರವಾದಿ ದಾವೂದ್, ಸ್ವಂತ ಕೈದುಡಿಮೆಯಿಂದ ಉಂಡವರೆಂದು ಹದೀಸ್ ನೆನೆಯುತ್ತದೆ.

ಆದ್ದರಿಂದ ಗ್ಯಾರೇಜಿನಲ್ಲೇ ಮಾಡಿದ ಉಪಕರಣಕ್ಕೆ ಪೂಜೆಯ ಸಾಲಿನಲ್ಲಿ ಪೂರ್ಣ ಹಕ್ಕಿದೆ. ಅದರಿಂದ ಮಾಡಿದ ರಿಪೇರಿ ತಾತ್ಕಾಲಿಕವಾಗಿದ್ದರೆ ಅದನ್ನು ಗಿರಾಕಿಗೆ ಬಾಯಿಬಿಟ್ಟು ಹೇಳಬೇಕು; ಸವೆದ ಗೋಟಿಯನ್ನು ಕುಂಕುಮ ಹಚ್ಚುವ ಮೊದಲೇ ಸೆಟ್‌ನಿಂದ ತೆಗೆದಿಡಬೇಕು.