ಹೋಲಿಕೆ

ಊರಿನವರು ಪಟ್ಟಿ ಎತ್ತಿ, ರೊಕ್ಕ ಕೂಡಿಸಿ, ತಮ್ಮ ಮೆಚ್ಚಿನ ಬರಹಗಾರನ ಮೂರ್ತಿ ಮಾಡಿಸಲು ಹೊರಡುತ್ತಾರೆ. ಶಿಲ್ಪಿ ಮಾಡಿಕೊಟ್ಟದ್ದು ಅವರಿಗೆ ಸೇರುವುದಿಲ್ಲ. ಯಾರ ಕಡೆ ನ್ಯಾಯ?

ಪ್ಯಾರಿಸ್ಸಿನಲ್ಲಿ ಹೀಗಾಯಿತು. ಕಾದಂಬರಿಕಾರ ಬಾಲ್ಝಾಕ್ ತೀರಿಕೊಂಡದ್ದು 1850ರಲ್ಲಿ. 1891ರಲ್ಲಿ ಅಲ್ಲಿಯ ಲೇಖಕರ ಸಂಘ ಅವನ ಮೂರ್ತಿಯ ಕೆಲಸವನ್ನು ಶಿಲ್ಪಿ ರೋಡಿನ್‌ಗೆ ಒಪ್ಪಿಸಿತು. 18 ತಿಂಗಳಲ್ಲಿ ಕೊಡುತ್ತೇನೆಂದವನು ಏಳು ವರ್ಷ ತೆಗೆದುಕೊಂಡ. ಸುಮ್ಮನೆ ಕೂತಿರಲಿಲ್ಲ. ಬಾಲ್ಝಾಕನ ಸೀಮೆಗೆ ಹೋಗಿ ಅಲ್ಲಿಯ ಜನರ ಮುಖ ನೋಡಿಬಂದ. ಅವನ ಬಟ್ಟೆ ಹೊಲಿಯುತ್ತಿದ್ದ ಮುದಿ ಸಿಂಪಿಗನನ್ನು ಹುಡುಕಿ ಹಳೆಯ ಅಳತೆಗೇ ಬಟ್ಟೆ ಹೊಲಿಸಿದ. ಇಷ್ಟೆಲ್ಲ ಮಾಡಿ 1898ರಲ್ಲಿ ಜನರೆದುರು ಇಟ್ಟದ್ದೇನು? ರಾತ್ರಿ ಬರೆಯುವಾಗ ತೊಡುತ್ತಿದ್ದಂಥ ಒಂದು ನಿಲುವಂಗಿ, ಅದರ ಮೇಲೊಂದು ದೊಡ್ಡ ತಲೆ. ಪುಸ್ತಕವಿಲ್ಲ, ಲೇಖನಿಯಿಲ್ಲ. ಜನ ಗೋಣಿಚೀಲವೆಂದು ನಕ್ಕರು. ಸಂಘ ಒಲ್ಲೆನೆಂದಿತು.

ಇದನ್ನು ಹೇಳಿದಾಗ ನಮ್ಮ ಅತ್ತೆಯವರು, "ಜಂಪರ್ ಹೊಲಿಯಾಕ ಕೊಟ್ರ ಲಂಗಾ ಹೊಲದು ತಂದ್ರ, ರೊಕ್ಕಾ ಎಣಿಸಿ ಕೊಡಬೇಕೇನವಾ?" ಎಂದರು. ಮಾತು ಸುಳ್ಳಲ್ಲ. ಆದರೆ ಜಂಪರಿನ ಅಳತೆ ನಮ್ಮ ಮೈಯಲ್ಲೇ ಇದೆ. ಸತ್ತ ಬರಹಗಾರನ ಅಳತೆ ಯಾರಲ್ಲಿದೆ? ಸಿಂಪಿಗನಿಗೆ ಗೊತ್ತಿದ್ದದ್ದು ಸೊಂಟದ ಸುತ್ತಳತೆ ಮಾತ್ರ.

ನಮ್ಮ ಗೋಳಗುಮ್ಮಟಕ್ಕೆ ಈ ತಕರಾರಿಲ್ಲ. ಮಹಮ್ಮದ್ ಆದಿಲ್‌ಶಾಹ ತನ್ನ ಗೋರಿಯನ್ನು ತಾನೇ ಕಟ್ಟಿಸಿದ. ಬರಹಗಾರನ ಸ್ಮಾರಕ ಯಾವಾಗಲೂ ಪರರ ಪಾಲು. ಕೆಲವು ಸಲ ಜಗಳಕ್ಕೆ ಶಿಲ್ಪವೇ ಬೇಕಾಗುವುದಿಲ್ಲ. ಬೆಂಗಳೂರಿನ ಹಲಸೂರು ಕೆರೆಯ ಹತ್ತಿರ ತಿರುವಳ್ಳುವರ್ ಮೂರ್ತಿ 1991ರಿಂದ 2009ರವರೆಗೆ ಮುಸುಕು ಹೊದ್ದೇ ನಿಂತಿತ್ತು. ಚೆನ್ನೈಯಲ್ಲಿ ಸರ್ವಜ್ಞನ ಮೂರ್ತಿ ನಿಲ್ಲಿಸುವ ಮಾತಾದ ಮೇಲೆ ಮುಸುಕು ತೆಗೆದರು. ಅಲ್ಲಿ ಹೋಲಿಕೆಯ ಮಾತೇ ಏಳಲಿಲ್ಲ. ಇಬ್ಬರ ಮುಖವನ್ನೂ ಕಂಡವರಿಲ್ಲವಲ್ಲ!

ನಮ್ಮ ಫ. ಗು. ಹಳಕಟ್ಟಿಯವರದಾದರೆ ಫೋಟೋ ಇದೆ. ವಿಜಾಪುರದಲ್ಲಿ ವಕೀಲರಾಗಿದ್ದು, ವಚನದ ತಾಡೋಲೆಗಳಿಗಾಗಿ ಊರೂರು ತಿರುಗಿದವರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದವರು. ಫೋಟೋದಲ್ಲಿ ಆ ಮನೆ ಕಾಣುವುದಿಲ್ಲ. ಪಾತ್ರೆಪಡಗ ಗಂಟು ಕಟ್ಟಿಕೊಂಡು ಹೊಸ್ತಿಲು ದಾಟಿದ ಹೆಂಗಸರ ಮನಸ್ಸು ಹೇಗಿದ್ದೀತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅದನ್ನು ಕಲ್ಲಿನಲ್ಲಿ ತರಬಲ್ಲ ಶಿಲ್ಪಿ ಸಿಕ್ಕರೆ, ಮೂಗು ಕಣ್ಣು ಫೋಟೋದಂತಿಲ್ಲವೆಂದು ನಾನಂತೂ ತಕರಾರು ಮಾಡಲಾರೆ. ಪಟ್ಟಿ ಕೊಟ್ಟ ಉಳಿದವರು ಮಾಡಿಯಾರು. ಅದು ಅವರ ಹಕ್ಕು.

ರೋಡಿನ್ ಆ ಹಕ್ಕನ್ನು ಅಲ್ಲಗಳೆಯಲಿಲ್ಲವೆಂದೇ ನನಗೆ ಅವನಲ್ಲಿ ಗೌರವ. ಮುಂಗಡ ತೆಗೆದುಕೊಂಡಿದ್ದ ಹಣವನ್ನು ಮರಳಿಸಿದ. ಮೂರ್ತಿಯನ್ನು ತಿದ್ದಲಿಲ್ಲ. ಅಭಿಮಾನಿಗಳು ಕೊಳ್ಳಲು ಮುಂದೆ ಬಂದರೂ ಮಾರದೆ ತನ್ನ ಮನೆಗೆ ಒಯ್ದ. 1917ರಲ್ಲಿ ಸತ್ತ. ಪ್ಯಾರಿಸ್ಸಿನ ಬೀದಿಯಲ್ಲಿ ಅದು ಕಂಚಿನಲ್ಲಿ ನಿಂತದ್ದು 1939ರಲ್ಲಿ. ಸಂಘದವರು ಫಾಲ್ಗಿಯೇರ್ ಎಂಬ ಇನ್ನೊಬ್ಬ ಶಿಲ್ಪಿಯಿಂದ ಮಾಡಿಸಿಕೊಂಡ ಬಾಲ್ಝಾಕನೂ ಅದೇ ಊರಿನಲ್ಲಿ ಇನ್ನೊಂದು ಬೀದಿಯಲ್ಲಿ ಕೂತಿದ್ದಾನೆ.