ತ್ಯಾಗ ಯಜಮಾನನದೇ

ಎಐ ಸಹಾಯಕದ ಕೈಗೆ ಇಡೀ ಕಂಪ್ಯೂಟರನ್ನೇ ಒಪ್ಪಿಸುವ ಕಾಲ ಬಂದಿದೆ. ಆಂಥ್ರೋಪಿಕ್ ಸಂಸ್ಥೆ 2024ರ ಅಕ್ಟೋಬರಿನಲ್ಲಿ ತನ್ನ ಸಹಾಯಕವಾದ ಕ್ಲಾಡ್‌ಗೆ ಕಂಪ್ಯೂಟರ್ ನಡೆಸುವ ಶಕ್ತಿ ಕೊಟ್ಟಿತು. 2025ರ ಜನವರಿಯಲ್ಲಿ ಓಪನ್‌ಎಐ ಸಂಸ್ಥೆಯ ಆಪರೇಟರ್ ಬಂತು. ಇಂಥ ಸಹಾಯಕ ಪರದೆಯ ಚಿತ್ರ ತೆಗೆಯುತ್ತದೆ, ಒತ್ತಬೇಕಾದ ಗುಂಡಿ ಪರದೆಯ ಅಂಚಿನಿಂದ ಎಷ್ಟು ಪಿಕ್ಸೆಲ್ ದೂರವಿದೆ ಎಂದು ಲೆಕ್ಕ ಹಾಕುತ್ತದೆ, ಮೌಸನ್ನು ಅಲ್ಲಿಗೊಯ್ದು ಒತ್ತುತ್ತದೆ, ಒತ್ತಿದ್ದರಿಂದ ಏನಾಯಿತೆಂದು ತಿಳಿಯಲು ಮತ್ತೊಂದು ಚಿತ್ರ ತೆಗೆಯುತ್ತದೆ. ಇಂಥ ಕೆಲಸಕ್ಕೆ ನಿಮ್ಮ ಸ್ವಂತ ಯಂತ್ರ ಕೊಡಬೇಡಿ, ಸ್ಯಾಂಡ್‌ಬಾಕ್ಸ್ ಎನ್ನುವ ಪ್ರತ್ಯೇಕ ವರ್ಚುವಲ್ ಡೆಸ್ಕ್‌ಟಾಪ್ ಕೊಡಿ ಎಂಬುದು ತಯಾರಕರದೇ ಸಲಹೆ. ಅದು ಕೆಟ್ಟರೆ ಅಳಿಸಿ ಹಾಕಿ ಹೊಸದನ್ನು ತೆರೆಯಬಹುದು. ಸುರಕ್ಷತೆಯ ದೃಷ್ಟಿಯಿಂದ ಇದು ಸರಿಯಾದ ಮಾತೇ. ಆದರೆ ಅಲ್ಲಿ ನಡೆದ ಕರ್ಮ ಯಾರದು ಎಂಬ ಪ್ರಶ್ನೆಗೆ ಈ ಬೇಲಿಯಲ್ಲಿ ಉತ್ತರವಿಲ್ಲ. ಇಂಟರ್ನೆಟ್ಟಿಗೆ ಬಾಗಿಲು ತೆರೆಯದ ಡೆಸ್ಕ್‌ಟಾಪಿನಿಂದ ಟಿಕೆಟ್ ಕಾಯ್ದಿರಿಸಲಾಗದು, ಮೇಲ್ ಕಳಿಸಲಾಗದು. ಬಾಗಿಲು ತೆರೆದ ಮೇಲೆ, ಆಚೆ ಹೋದ ಮೇಲ್ ಹೋದದ್ದೇ. ಡೆಸ್ಕ್‌ಟಾಪ್ ಅಳಿಸಿದರೆ ಅದು ಹಿಂದಕ್ಕೆ ಬರುವುದಿಲ್ಲ.

ಕೆಲಸ ಮಾಡುವ ಕೈ ಒಬ್ಬರದು, ಫಲ ಇನ್ನೊಬ್ಬರದು ಎಂಬ ಸ್ಥಿತಿಯನ್ನು ನಮ್ಮಲ್ಲಿ ಅತ್ಯಂತ ಸೂಕ್ಷ್ಮವಾಗಿ ಚರ್ಚಿಸಿದವರು ವೇದದ ಯಾಗವಿಧಿಗಳನ್ನು ವಿಚಾರಿಸಿದ ಮೀಮಾಂಸಕರು. ಯಾಗದ ಫಲ ಅದನ್ನು ಮಾಡಿಸುವ ಯಜಮಾನನಿಗೆ ಸೇರುವುದಾದರೆ ಎಲ್ಲವನ್ನೂ ಅವನೇ ಮಾಡಬೇಡವೇ ಎಂಬ ಪೂರ್ವಪಕ್ಷವನ್ನು ಅವರ ಮೂಲಗ್ರಂಥವಾದ ಜೈಮಿನಿ ಸೂತ್ರಗಳ ಮೂರನೆಯ ಅಧ್ಯಾಯ ಎತ್ತುತ್ತದೆ. ದಕ್ಷಿಣೆ ಕೊಟ್ಟು ಋತ್ವಿಜರನ್ನು, ಅಂದರೆ ಯಾಗದ ಪುರೋಹಿತರನ್ನು, ಗೊತ್ತುಮಾಡಿಕೊಳ್ಳಬೇಕೆಂದು ಶಾಸ್ತ್ರವೇ ವಿಧಿಸಿದೆ, ಆದ್ದರಿಂದ ಉಳಿದ ಕ್ರಿಯೆಗಳನ್ನು ಅವರು ಮಾಡಬಹುದು ಎಂಬುದು ಸಿದ್ಧಾಂತ. ಆದರೆ ಒಂದನ್ನು ಮಾತ್ರ ಯಜಮಾನ ಬಿಟ್ಟುಕೊಡುವಂತಿಲ್ಲ, ಅದು ದ್ರವ್ಯತ್ಯಾಗ. ಆಹುತಿಯನ್ನು ಅಗ್ನಿಗೆ ಹಾಕುವ ಕೈ ಅಧ್ವರ್ಯು ಎಂಬ ಋತ್ವಿಜನದಾದರೂ, ಇದು ಇನ್ನು ನನ್ನದಲ್ಲ ಎಂದು ಬಿಡುವವನು ಯಜಮಾನ. ಯಾರದು ಖರ್ಚಾಗುತ್ತಿದೆಯೋ ಅವರೇ ಬಿಡಬೇಕು. ವರ್ಚುವಲ್ ಡೆಸ್ಕ್‌ಟಾಪಿನ ವಿಷಯದಲ್ಲೂ ಗೆರೆ ಎಳೆಯಬೇಕಾದದ್ದು ಇಲ್ಲಿಯೇ ಎಂಬುದು ನನ್ನ ವಾದ. ಹುಡುಕುವುದು, ಹೋಲಿಸುವುದು, ಅರ್ಜಿ ತುಂಬುವುದು ಸಹಾಯಕದ ಪಾಲಿಗಿರಲಿ. ಹಣ ಕೈಬಿಡುವ, ಮಾತು ಹೊರಡುವ, ಒಪ್ಪಿಗೆ ಬೀಳುವ ಗಳಿಗೆ ಮಾತ್ರ ಮನುಷ್ಯನದು. ಆಪರೇಟರನ್ನು ಕೂಡ ಖರೀದಿ ಮುಗಿಸುವ ಮುನ್ನ ನಿಂತು ಕೇಳುವಂತೆ, ಪಾಸ್‌ವರ್ಡ್ ಹಾಕುವಲ್ಲಿ ಬಳಕೆದಾರನ ಕೈಗೆ ಬಿಡುವಂತೆ ರೂಪಿಸಲಾಗಿತ್ತು. ತಂತ್ರಜ್ಞರು ಅಪಾಯದ ಲೆಕ್ಕದಿಂದ ತಲುಪಿದ ಜಾಗಕ್ಕೆ ಮೀಮಾಂಸಕರು ಕರ್ತೃತ್ವದ ಲೆಕ್ಕದಿಂದ ಬಂದಿದ್ದರು.

ಋತ್ವಿಜ ಮನುಷ್ಯ, ತಪ್ಪು ಮಾಡಿದರೆ ಅವನಿಗೂ ಪಾಪಭಯವುಂಟು, ಯಂತ್ರಕ್ಕೇನಿದೆ ಎಂದು ಯಾರಾದರೂ ಕೇಳಬಹುದು. ಆಕ್ಷೇಪ ನ್ಯಾಯವಾದದ್ದು, ಆದರೆ ಅದು ನನ್ನ ವಾದವನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಹೊಣೆ ಹಂಚಿಕೊಳ್ಳಲು ಆ ಬದಿಯಲ್ಲಿ ಯಾರೂ ಇಲ್ಲದಿದ್ದರೆ ಈ ಬದಿಯ ಭಾರ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಇದಕ್ಕಿಂತ ಕಠಿಣವಾದ ಆಕ್ಷೇಪ ಇನ್ನೊಂದಿದೆ. ಸಹಾಯಕ ಓದುವ ವೆಬ್ ಪುಟದಲ್ಲಿ ಮೂರನೆಯವರೊಬ್ಬರು ಆಜ್ಞೆಯೊಂದನ್ನು ಅಡಗಿಸಿಟ್ಟಿದ್ದರೆ, ಅದು ಯಜಮಾನನ ಮಾತನ್ನು ಬಿಟ್ಟು ಆ ಆಜ್ಞೆಯನ್ನೇ ಪಾಲಿಸಬಹುದು. ಯಾರೂ ಹೇಳದೆ ದಾರಿ ತಪ್ಪುವುದೂ ಉಂಟು: ಪ್ರಾತ್ಯಕ್ಷಿಕೆಯ ಚಿತ್ರೀಕರಣ ನಡೆದಾಗ ಕ್ಲಾಡ್ ಕೋಡ್ ಬರೆಯುವುದನ್ನು ಬಿಟ್ಟು ಯೆಲ್ಲೋಸ್ಟೋನ್ ಉದ್ಯಾನದ ಚಿತ್ರಗಳನ್ನು ನೋಡತೊಡಗಿತ್ತೆಂದು ಆಂಥ್ರೋಪಿಕ್ ತಾನೇ ಹೇಳಿಕೊಂಡಿದೆ. ಇಂಥಲ್ಲಿ ಬಳಕೆದಾರನ ಸಂಕಲ್ಪವೇ ಇರಲಿಲ್ಲ, ಅವನ ಮೇಲೆ ಹೊರಿಸುವುದು ಅನ್ಯಾಯ. ಅದು ಕಟ್ಟಿದವರ ಪಾಲು, ಅವರೇ ಹೊರಬೇಕು. ಆದರೂ, ಅಡಗಿಸಿಟ್ಟ ಆಜ್ಞೆ ಹಣವನ್ನು ಮುಟ್ಟುವ ಮುನ್ನ ಮನುಷ್ಯನ ಅನುಮತಿ ಬೇಕೆಂಬ ಕಟ್ಟಳೆಯಿದ್ದರೆ ಅದು ಅಲ್ಲಿಯೇ ಸಿಕ್ಕಿಬೀಳುವ ಸಾಧ್ಯತೆಯಾದರೂ ಉಳಿಯುತ್ತದೆ.

ಅನುಮತಿ ಕೇಳಿದಾಗಲೆಲ್ಲ ಜನ ನೋಡದೆ ಒತ್ತುತ್ತಾರೆ ಎಂಬುದು ನಿಜ. ಮೀಮಾಂಸೆ ಇದನ್ನೂ ಯೋಚಿಸಿದೆ: ಏನು ನಡೆಯುತ್ತಿದೆ ಎಂದು ತಿಳಿಯದವನಿಗೆ ಯಜಮಾನನಾಗುವ ಅಧಿಕಾರವಿಲ್ಲ. ಅದೇ ಅಧಿಕಾರದ ಹೆಸರಿನಲ್ಲಿ ಶೂದ್ರರನ್ನು ಹೊರಗಿಟ್ಟ ಶಾಸ್ತ್ರವೂ ಇದೇ. ಆ ಭಾಗ ತಿರಸ್ಕಾರಕ್ಕೇ ಯೋಗ್ಯ, ಅರಿವು ಬೇಕೆಂಬ ಭಾಗ ಮಾತ್ರ ಉಳಿಯಬೇಕು. ಅದರರ್ಥ, ಅನುಮತಿ ಕೇಳುವ ಪರದೆ ಏನನ್ನು, ಯಾರಿಗೆ, ಎಷ್ಟು ಎಂಬುದನ್ನು ಓದುವವನ ಭಾಷೆಯಲ್ಲಿ ಹೇಳಬೇಕು. ಕನ್ನಡ ಮಾತ್ರ ಬಲ್ಲವರಿಗೆ ಇಂಗ್ಲಿಷಿನಲ್ಲಿ ಕೇಳಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸುವ ವಿಷಯದಲ್ಲಿ ಹನ್ನೆರಡನೆಯ ಶತಮಾನದ ಬಸವಣ್ಣ ಮೀಮಾಂಸಕರಿಗಿಂತ ಇನ್ನೂ ಮುಂದೆ ಹೋದರು. ತನ್ನ ಲಿಂಗದ ನಿತ್ಯನೇಮವನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸುವುದನ್ನೇ ಅವರು ಒಪ್ಪಲಿಲ್ಲ. ಫಲಕ್ಕಾಗಿ ಮಾಡುವ ಕೆಲಸ ಬೇರೆ, ಮಾಡುವುದೇ ಫಲವಾಗಿರುವ ಕೆಲಸ ಬೇರೆ. ವಿದ್ಯುತ್ ಬಿಲ್ಲು ಕಟ್ಟುವುದು ಮೊದಲನೆಯ ಬಗೆಯದು. ಸತ್ತವರ ಮನೆಗೆ ಬರೆಯುವ ಸಾಂತ್ವನದ ಪತ್ರ, ವಿದ್ಯಾರ್ಥಿಯ ಪ್ರಬಂಧವನ್ನು ಗುರು ಓದುವುದು ಎರಡನೆಯ ಬಗೆಯವು. ಅವುಗಳನ್ನು ಸಹಾಯಕ ಒಂದೂ ತಪ್ಪಿಲ್ಲದೆ, ಪೂರ್ಣ ಸುರಕ್ಷಿತವಾದ ಡೆಸ್ಕ್‌ಟಾಪಿನಲ್ಲಿ ಮುಗಿಸಿಕೊಟ್ಟರೂ ಆ ಕೆಲಸ ಆಗಿರುವುದಿಲ್ಲ.