ಸೋಡಚೀಟಿಯಲ್ಲಿ ಬರೆಯದೆ ಉಳಿದದ್ದು

ಬಸವಕಲ್ಯಾಣ, ಹುಮನಾಬಾದ ಕಡೆಯ ನಮ್ಮ ಕೇರಿಗಳಲ್ಲಿ ಸೋಡಚೀಟಿ ಎಂಬುದು ಒಂದು ಹೊತ್ತಿನ ಕೆಲಸ. ನಾಲ್ಕು ಮಂದಿ ಹಿರಿಯರು ಕಟ್ಟೆಯ ಮೇಲೆ ಕೂಡುತ್ತಾರೆ. ಛಾಪಾ ಕಾಗದ ಬರುತ್ತದೆ. ಇವನಿಗೂ ಇವಳಿಗೂ ಇನ್ನು ಸಂಬಂಧವಿಲ್ಲವೆಂದು ಬರೆಯುತ್ತಾರೆ. ಅವಳು ಹೆಬ್ಬೆಟ್ಟು ಒತ್ತುತ್ತಾಳೆ. ಯಾರಾದರೊಬ್ಬರು ಅವಳಿಗೇನು ಕೊಡೋದು ಅಂತ ಕೇಳಿದರೆ ಉತ್ತರ ತಯಾರಿರುತ್ತದೆ: “ಏನದಾ ನಮ್ಮ ಬಲ್ಲಿ ಹಂಚಲಿಕ್ಕ? ಬಡವರು ನಾವು.” ಪಂಚಾಯ್ತಿ ಏಳುತ್ತದೆ.

ಈ ಮಾತನ್ನು ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ಒಮ್ಮೆ ಕೂತು ಲೆಕ್ಕ ಹಾಕೋಣ. ಪತ್ರಾಸಿನ ಎರಡು ಕೋಣೆ, ಒಂದು ಎಮ್ಮೆ, ತವರಿನಿಂದ ಬಂದ ಭಾಂಡೆ, ಅಡವಿಟ್ಟ ತಾಳಿಗುಂಡು, ಎಲ್ಲೋ ಒಂದು ಕಡೆ ಎಕರೆ ತೊಗರಿ ಹೊಲ. ಇವನ್ನೆಲ್ಲ ಗಳಿಸಿದವರು ಯಾರು? ಗಡಿಯಾಚೆ ಮರಾಠವಾಡದಲ್ಲಿ ಕಬ್ಬು ಕಡಿಯುವ ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ‘ಕೋಯ್ತಾ’ ಅಂತ ಲೆಕ್ಕ. ದುಡಿಯುವ ಕೈ ನಾಲ್ಕು, ಮುಂಗಡ ಎಣಿಸಿಕೊಳ್ಳುವ ಕೈ ಎರಡು. ಪಹಣಿಯಲ್ಲಿ ಗಂಡನ ಹೆಸರು, ಮನೆಪಟ್ಟಿಯಲ್ಲೂ ಅವನದೇ. ಆದರೆ ಮಹಿಳಾ ಸಂಘದ ಸಾಲ ಮಾತ್ರ ಅವಳ ಹೆಸರಿಗಿದೆ! ಮನೆ ಅವನಿಗೆ, ಕಂತು ಅವಳಿಗೆ. ಇದನ್ನು ಹಂಚಿಕೆ ಅನ್ನುತ್ತೀರಾ?

“ದುಡ್ಡು ತಂದವನು ನಾನು, ಅಕಿ ಮನ್ಯಾಗಿದ್ಲು” ಎನ್ನುವ ಗಂಡಸಿಗೆ ಕಲ್ಯಾಣದ ನೆಲದ ಮೇಲೆಯೇ ಉತ್ತರವಿದೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಮರಳಿ ಸುರಿದು ಬಾ ಎಂದವಳು ಲಕ್ಕಮ್ಮ. ಆಯ್ದವನು ಗಂಡನಾದರೂ ಮನೆಯ ಅಕ್ಕಿಯ ಮೇಲೆ ತೀರ್ಪು ಕೊಟ್ಟವಳು ಹೆಂಡತಿ. ಕಾಯಕ ಎಂದರೆ ಹೊರಗಿನ ಕೂಲಿಯಷ್ಟೇ ಆದರೆ, ನೀರು ಹೊತ್ತದ್ದು, ರೊಟ್ಟಿ ಬಡಿದದ್ದು, ಕೂಸು ಸಾಕಿದ್ದು ಏನು? ಬಿಟ್ಟಿ ಚಾಕರಿಯೇ? ಊರಗೌಡ ನಮ್ಮಿಂದ ಮಾಡಿಸಿಕೊಂಡ ಬಿಟ್ಟಿಯನ್ನು ಶೋಷಣೆ ಎಂದು ಕರೆದ ನಾವು ನಮ್ಮ ಒಲೆಯ ಮುಂದಿನ ಬಿಟ್ಟಿಗೆ ಬೇರೆ ಹೆಸರು ಇಡಲು ಬರುವುದಿಲ್ಲ.

ನಮ್ಮ ಹೆಣ್ಣುಮಕ್ಕಳಿಗೆ ಮೊದಲಿಂದಲೂ ಬಿಡುಗಡೆ ಇತ್ತು, ಉಡಿಕೆ ಇತ್ತು ಎಂದು ನಾವು ಹೆಮ್ಮೆ ಪಡುತ್ತೇವೆ. ನಿಜ. ಮೇಲ್ಜಾತಿಯ ವಿಧವೆ ತಲೆ ಬೋಳಿಸಿಕೊಂಡು ಕತ್ತಲೆಯಲ್ಲಿ ಕೂತಿದ್ದಾಗ ನಮ್ಮವಳು ಇನ್ನೊಂದು ಮನೆ ಕಟ್ಟಿಕೊಳ್ಳಬಹುದಿತ್ತು. 1955ರ ಹಿಂದೂ ವಿವಾಹ ಕಾಯ್ದೆಯೂ ರೂಢಿಯ ಬಿಡುಗಡೆಯನ್ನು ಉಳಿಸಿಕೊಂಡಿದೆ. ಬೌದ್ಧರಿಗೂ ಅದೇ ಕಾಯ್ದೆ. ಆದರೆ ಬರಿಗೈಯಲ್ಲಿ ಹೊರಡುವ ಸ್ವಾತಂತ್ರ್ಯ ಅರ್ಧ ಸ್ವಾತಂತ್ರ್ಯ. ಬಾಬಾಸಾಹೇಬರು ಹಿಂದೂ ಕೋಡ್ ಬಿಲ್ಲಿನಲ್ಲಿ ವಿಚ್ಛೇದನದ ಜೊತೆಗೇ ಹೆಣ್ಣಿನ ಆಸ್ತಿಯ ಹಕ್ಕನ್ನೂ ಇಟ್ಟಿದ್ದರು. 1951ರಲ್ಲಿ ಅವರು ಮಂತ್ರಿಪದವಿ ಬಿಟ್ಟ ಕಾರಣಗಳಲ್ಲಿ ಆ ಬಿಲ್ಲನ್ನು ಕೈಬಿಟ್ಟದ್ದೂ ಒಂದು. ಅವರ ಫೋಟೋದ ಕೆಳಗೆ ಕೂತು ನಾವು ಮೊದಲರ್ಧ ಮಾತ್ರ ಓದುತ್ತಿದ್ದೇವೆ.

ಕಾನೂನು ಏನು ಕೊಡುತ್ತದೆ? ತವರಿನಿಂದ ಬಂದ ಒಡವೆ, ಭಾಂಡೆ ಅವಳದೇ. ಅದನ್ನು ಇಟ್ಟುಕೊಂಡು ಕೊಡದಿದ್ದರೆ ನಂಬಿಕೆದ್ರೋಹದ ಅಪರಾಧವಾಗುತ್ತದೆಂದು ಸುಪ್ರೀಂ ಕೋರ್ಟು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿತು. ಜೀವನಾಂಶದ ದಾವೆಯಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕೆಂದು 2020ರಲ್ಲಿ ರಜನೀಶ್–ನೇಹಾ ಪ್ರಕರಣದಲ್ಲಿ ಹೇಳಿತು. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೂ ದಾರಿಯಿದೆ: 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಹೆಂಗಸರಿಗೆ, ಪರಿಶಿಷ್ಟರಿಗೆ ಕಾನೂನು ನೆರವು ಪುಕ್ಕಟೆ.

ಆದರೆ ಮದುವೆಯಾದ ಮೇಲೆ ಇಬ್ಬರೂ ಬೆವರು ಸುರಿಸಿ ಕಟ್ಟಿದ ಮನೆ ಗಂಡನೊಬ್ಬನ ಹೆಸರಿಗಿದ್ದರೆ, ಅದರ ಅರ್ಧ ಅವಳದೆಂದು ನಮ್ಮ ಕಾಯ್ದೆ ನೇರವಾಗಿ ಹೇಳುವುದಿಲ್ಲ. ಗೋವಾದಲ್ಲಿ ಪೋರ್ಚುಗೀಸರ ಕಾಲದಿಂದ ಬಂದ ಕಾಯ್ದೆ, ಬೇರೆ ಕರಾರಿಲ್ಲದಿದ್ದರೆ ಗಂಡಹೆಂಡಿರ ಆಸ್ತಿಯನ್ನು ಇಬ್ಬರದೂ ಎಂದು ಎಣಿಸುತ್ತದೆ. ಮನೆಗೆಲಸವೂ ಆಸ್ತಿ ಗಳಿಕೆಯಲ್ಲಿ ಪಾಲೇ ಎಂದು ಮದ್ರಾಸ್ ಹೈಕೋರ್ಟು 2023ರಲ್ಲಿ ಒಂದು ಪ್ರಕರಣದಲ್ಲಿ ಒಪ್ಪಿತು. ಉಳಿದ ಕಡೆ ಕಾಯ್ದೆ ಇನ್ನೂ ಕಾಗದದ ಮೇಲಿನ ಹೆಸರನ್ನೇ ನೋಡುತ್ತದೆ.

ಇಲ್ಲಿ ಒಂದು ಕಠಿಣ ಪ್ರಶ್ನೆ ಇದೆ. ಎರಡು ಕೋಣೆಯ ಮನೆಯನ್ನು ಹಂಚಿದರೆ ಇಬ್ಬರೂ ಬೀದಿಗೆ ಬೀಳುವುದಿಲ್ಲವೇ? ಗಂಡನೂ ನಮ್ಮ ಹಾಗೆಯೇ ತುಳಿಸಿಕೊಂಡವನಲ್ಲವೇ? ಹೌದು. ಆದರೆ ತುಳಿಸಿಕೊಂಡವನಿಗೆ ತುಳಿಯುವ ಪರವಾನಗಿ ಸಿಗುವುದಿಲ್ಲ. ಹಂಚುವುದೆಂದರೆ ಗೋಡೆ ಒಡೆಯುವುದೇ ಆಗಬೇಕಿಲ್ಲ. ಮಕ್ಕಳು ಯಾರ ಬಳಿಯೋ ಮನೆ ಅವರಿಗಿರಲಿ. ಮನೆ ಅವನಿಗೇ ಬಿಟ್ಟರೆ ಸಂಘದ ಕಂತು ಅವನು ಕಟ್ಟಲಿ. ಅವಳಿಗೂ ಪಾಲಿದೆಯೆಂದು ಮೊದಲು ಒಪ್ಪಿದರೆ ಹಂಚುವ ದಾರಿ ಹುಡುಕಬಹುದು. ಏನೂ ಇಲ್ಲ ಎಂದು ಎದ್ದು ಹೋದರೆ ಹುಡುಕುವುದೆಲ್ಲಿ?

ಗೆಳೆಯರೇ, ಮುಂದಿನ ಪಂಚಾಯ್ತಿಗೆ ನಮ್ಮನ್ನು ಕರೆದಾಗ ಒಂದು ಕೆಲಸ ಮಾಡೋಣ. ಅವಳು ಹೆಬ್ಬೆಟ್ಟು ಒತ್ತುವ ಮೊದಲು ಆ ಕಾಗದದ ಮೇಲೆ ನಾಲ್ಕು ಪಟ್ಟಿ ಬರೆಸೋಣ: ಅವಳು ತಂದದ್ದು, ಇಬ್ಬರೂ ಗಳಿಸಿದ್ದು, ಇಬ್ಬರ ಮೇಲಿರುವ ಸಾಲ, ಮಕ್ಕಳಿಗೆ ಸಲ್ಲಬೇಕಾದದ್ದು. ಬರೆದದ್ದನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳೋಣ. ಒಂದು ಪ್ರತಿ ಅವಳ ಕೈಗೆ ಕೊಡೋಣ. ಊರಿನವರ ಹತ್ತಿರ ಶತಮಾನಗಳ ಲೆಕ್ಕ ಕೇಳುವ ನಾವು ನಮ್ಮ ಮನೆಯ ಹತ್ತು ವರ್ಷದ ಲೆಕ್ಕ ಕೊಡಲು ಹೆದರಿದರೆ, ನಮ್ಮ ಪ್ರಶ್ನೆಗೆ ಬೆಲೆ ಎಲ್ಲಿಂದ ಬರಬೇಕು?